ಓಣಿ ರಕ್ಷಕನೂ ಒಂದು ಚೀಲ ಮೆಣಸಿನಕಾಯಿಯೂ

'ಆಗುವುದಿಲ್ಲ' ಎನ್ನುವ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ. ಇದನ್ನು ಒಂದು ಒಳ್ಳೆಯ ಗುಣವೆಂದು ತಿಳಿದು ನಮ್ಮ ಮಾವನವರು ನನಗೆ ಮಗಳನ್ನು ಕೊಟ್ಟರು. ಅದು ಗುಣವಲ್ಲ, ರೋಗ ಎಂಬುದು ಗಿರಿಜೆಗೆ ಮೂರೇ ತಿಂಗಳಲ್ಲಿ ತಿಳಿಯಿತು. ಒಮ್ಮೆ ಹಾವೇರಿಯಿಂದ ಬರುವಾಗ ಬಸ್ಸಿನಲ್ಲಿ ಒಬ್ಬಾಕೆ 'ಕೂಸನ್ನ ಒಂದೀಟ ಹಿಡೀರಿ' ಎಂದಳು. ಹಿಡಿದೆ. ಕೂಸು ನಿದ್ದೆ ಹೋಯಿತು, ತಾಯಿಯೂ ನಿದ್ದೆ ಹೋದಳು. ಎಬ್ಬಿಸುವುದು ಹೇಗೆಂದು ಸಂಕೋಚಪಟ್ಟು, ಬ್ಯಾಡಗಿಗೆಂದು ಮೋಟೆಬೆನ್ನೂರಿನಲ್ಲಿ ಇಳಿಯಬೇಕಾದವನು ರಾಣೆಬೆನ್ನೂರು ನೋಡಿಕೊಂಡು ಮನೆಗೆ ಬಂದೆ. ಇಂಥವನನ್ನು ಹಿಡಿದು ನಮ್ಮ ಓಣಿಯವರು ರಕ್ಷಣಾ ಮುಖಂಡನನ್ನಾಗಿ ಮಾಡಿದರು. ಅದಕ್ಕೂ ನಾನು ಆಗುವುದಿಲ್ಲ ಎನ್ನಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಬ್ಯಾಡಗಿಯಲ್ಲಿ ಗುಮಾಸ್ತ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಪೇಟೆಯಲ್ಲಿರುತ್ತದೆ, ಮನೆಗಳು ಬೀಗವನ್ನು ನಂಬಿಕೊಂಡಿರುತ್ತವೆ. ಆ ವರ್ಷ ಹಾಡಹಗಲೇ ನಾಲ್ಕಾರು ಮನೆ ಕಳವಾದವು. ಠಾಣೆಯಿಂದ ಒಬ್ಬ ಹವಾಲ್ದಾರರು ಬಂದು, "ನಾವು ಎಷ್ಟಂತ ಓಣಿ ಕಾಯೂಣ್ರಿ? ನಿಮ್ಮ ಓಣಿಗೆ ನೀವ ಪೊಲೀಸ" ಎಂದು ಹೇಳಿ ನಾಲ್ಕು ಭಾನುವಾರ ಶಾಲೆಯ ಅಂಗಳದಲ್ಲಿ ನಮಗೆ ತರಬೇತಿ ಕೊಟ್ಟರು. ಅಪರಿಚಿತರು ಕಂಡರೆ ಮೂರು ಪ್ರಶ್ನೆ ಕೇಳಬೇಕು: ಯಾರು, ಯಾರ ಮನೆಗೆ ಬಂದಿರಿ, ಏನು ಒಯ್ಯುತ್ತಿದ್ದೀರಿ. ಕೇಳಲು ಸುಲಭ. ಆದರೆ ಹೊರಟವರನ್ನು ಎಲ್ಲಿಗೆಂದು ಕೇಳಿದರೆ ಅಪಶಕುನ ಎಂದು ನಂಬಿ ಬೆಳೆದವರು ನಾವು. ಪರೀಕ್ಷೆಗೆಂದು ಹವಾಲ್ದಾರರೇ ಕಳ್ಳನ ವೇಷದಲ್ಲಿ ಗಂಟು ಹೊತ್ತು ಎದುರಿಗೆ ಬಂದಾಗ ಒಬ್ಬರು "ಊಟ ಆತೇನ್ರಿ?" ಎಂದರು. ಇನ್ನೊಬ್ಬರು ನೀರು ಬೆಲ್ಲ ಕೊಟ್ಟರು. ನಾನು ಬಿಸಿಲಿದೆ, ನೆರಳಿಗೆ ಕುಂದ್ರಿ ಎಂದೆ.

ಸರಿಯಾಗಿ ಕೇಳಿದವಳು ಎದುರು ಮನೆಯ ಖತೀಜಾಬಿ ಒಬ್ಬಳೇ. ಗಂಡನಿಲ್ಲದ ಹೆಂಗಸು. ಪೇಟೆಯ ಸಾವುಕಾರರಿಂದ ಮೆಣಸಿನಕಾಯಿ ಚೀಲ ತರಿಸಿಕೊಂಡು, ಮನೆಯಲ್ಲಿ ಕೂತು ತೊಟ್ಟು ಬಿಡಿಸಿ ಕೊಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ನಮ್ಮೊಂದಿಗೆ ಕನ್ನಡ ಮಾತಾಡುವಳು, ತನ್ನ ಆಡಿಗೆ ಉರ್ದುವಿನಲ್ಲಿ ಬೈಯುವಳು. ಆಕೆ ಕಸಬರಿಗೆ ಅಡ್ಡ ಹಿಡಿದು "ಗಂಟು ಬಿಚ್ಚು ಮೊದಲ!" ಎಂದ ಜೋರಿಗೆ ಹವಾಲ್ದಾರರು ಖರೇನೇ ಎರಡು ಹೆಜ್ಜೆ ಹಿಂದೆ ಸರಿದರು. ಆದರೂ ಮುಖಂಡನ ಸೀಟಿಯನ್ನು ನನ್ನ ಕೊರಳಿಗೆ ಹಾಕಿದರು. ನಾನು ಪ್ಯಾಂಟು ಹಾಕುತ್ತಿದ್ದೆ, ವರದಿ ಬರೆಯಬಲ್ಲವನಾಗಿದ್ದೆ.

ತರಬೇತಿ ಮುಗಿದು ಹತ್ತು ದಿನವೂ ಆಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದವನು ಬಿಳಿ ಅಂಗಿಯ ಮೇಲೆ ಸೀಟಿ ತೂಗುಹಾಕಿಕೊಂಡು ಓಣಿಯಲ್ಲಿ ಒಂದು ಸುತ್ತು ಹೊರಟೆ. ಖತೀಜಾಬಿಯ ಕಟ್ಟೆಯ ಕೆಳಗೆ ಒಬ್ಬ ಮನುಷ್ಯ ತಲೆಗೆ ಸಿಂಬೆ ಸುತ್ತಿಕೊಂಡು ತುಂಬಿದ ಚೀಲದ ಪಕ್ಕ ನಿಂತಿದ್ದ. "ಯಜಮಾನ್ರ, ಒಂದೀಟ ಎತ್ತಿ ಹೊರಸ್ರಿ" ಎಂದ. ನಮ್ಮ ಕಡೆ ಈ ಮಾತಿಗೆ ಎದುರು ಮಾತಿಲ್ಲ. ಹೊರೆಯವನು ಕರೆದರೆ ಮಾತು ಬಿಟ್ಟ ದಾಯಾದಿಯೂ ಬಂದು ಕೈ ಕೊಟ್ಟು, ಮತ್ತೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಮೇಲಾಗಿ ಬ್ಯಾಡಗಿಯಲ್ಲಿ ಚೀಲ ಹೊತ್ತವನನ್ನು ಸಂಶಯಿಸಿದರೆ ಅರ್ಧ ಊರನ್ನೇ ಸಂಶಯಿಸಬೇಕು. ನಾನು ಬಗ್ಗಿ ಎರಡು ಮೂಲೆ ಹಿಡಿದು ಎತ್ತಿ ಹೊರಿಸಿದೆ, ಎರಡು ಸಲ ಸೀನಿದೆ. ಅಷ್ಟಕ್ಕೇ ಬಿಡಲಿಲ್ಲ. "ಹುಷಾರಪ್ಪಾ, ಹಗಲಗಳ್ಳರು ಭಾಳ ಆಗ್ಯಾರ" ಎಂದು ಬುದ್ಧಿಯನ್ನೂ ಹೇಳಿದೆ. ಅವನು "ಹೌದಂತರಿ" ಎಂದು ಮೋಟೆಬೆನ್ನೂರಿನ ದಾರಿ ಹಿಡಿದ.

ಊಟಕ್ಕೆ ಕೂತು ಎರಡು ತುತ್ತು ಬಾಯಿಗಿಟ್ಟಿರಬೇಕು, ಹೊರಗೆ ಚೀರಾಟ. ನೀರು ತರಲು ಹೋಗಿದ್ದ ಖತೀಜಾಬಿ ಖಾಲಿ ಕಟ್ಟೆಯ ಮುಂದೆ ತಲೆ ಚಚ್ಚಿಕೊಳ್ಳುತ್ತಿದ್ದಳು. "ಸಾವುಕಾರ ನಂಬಿ ಕೊಟ್ಟ ಮಾಲರೀ! ಇನ್ನ ನನ್ನ ಮನಿಗೆ ಯಾರೂ ಒಂದ ಕಾಯಿ ಕಳಸೂದಿಲ್ಲ. ಹುಡುಗ್ಯಾರಿಗೆ ಏನ ತಿನ್ನಸ್ಲಿ?" ತಾಟು ಬಿಟ್ಟು ಎಂಜಲುಗೈಯಲ್ಲೇ ಹೊರಗೆ ಬಂದೆ.

ಓಣಿ ಕೂಡಿತು, ಹವಾಲ್ದಾರರೂ ಬಂದರು. ಕುಕ್ಕರಗಾಲಲ್ಲಿ ಕೂತು ನೆಲ ನೋಡಿದರು. ಆಮೇಲೆ ಎದ್ದು, "ಇಂಥಾ ಚೀಲಾನ ಒಬ್ಬಾಂವ ತಲೀ ಮ್ಯಾಲ ಏರಿಸ್ಕೊಳ್ಳಾಕ ಆಗೂದಿಲ್ಲ. ಕೈ ಕೊಟ್ಟಾಂವ ಇನ್ನೊಬ್ಬಾಂವ ಅದಾನ. ಓಣಿ ಬಿಟ್ಟು ಹೋದ ಹೆಜ್ಜಿ ಒಬ್ಬಾಂವಂದ, ಅಂದಮ್ಯಾಲ ಅಂವಾ ಇದ ಓಣ್ಯಾಂವ" ಎಂದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಹವಾಲ್ದಾರರು ನನ್ನ ಕಡೆ ತಿರುಗಿದರು. "ಗುಮಾಸ್ತರ, ನೀವು ಮುಖಂಡರು. ಆ ಎರಡನೇದಾಂವನ್ನ ನೀವ ಹುಡುಕಿ ಕೊಡ್ರಿ."

ನನ್ನ ಬಿಳಿ ಅಂಗಿಯ ತೋಳಿನ ಮೇಲೆ ಅಂಗೈಯಗಲ ಕೆಂಪು ಪುಡಿ ಹತ್ತಿತ್ತು. ಮೆಲ್ಲಗೆ ಕೈಕಟ್ಟಿ ನಿಂತೆ. ಹೇಳಿಬಿಡು, ಹೇಳಿಬಿಡು ಎಂದು ಮನಸ್ಸು ಹೊಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಯಾರೋ ಹಮಾಲ ಬಸಪ್ಪನ ಹೆಸರು ಹೇಳಿದರು. ಓಣಿಯ ತುದಿಯಲ್ಲಿ ಇರುವವನು, ಪೇಟೆಯಲ್ಲಿ ಚೀಲ ಹೊರುವವನು, ಇನ್ನೇನು ಬೇಕು? ಕರೆಸಿದರು. "ಖರೇನರೀ, ನಾ ಮಕ್ಕೊಂಡಿದ್ದೆ" ಎಂದು ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಕೊನೆಗೆ ನನ್ನ ಮುಖ ನೋಡಿದ. "ಗುಮಾಸ್ತರ, ನೀವರ ಹೇಳ್ರಿ." ಆ ಕ್ಷಣ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹೇಳಲೆಂದೇ ಬಾಯಿ ತೆರೆದೆ. ಕೈ ಸೀಟಿಯನ್ನು ಬಾಯಿಗಿಟ್ಟಿತು. ಜೋರಾಗಿ ಊದಿ, "ಮೊದಲ ಚೀಲ ಹುಡುಕೂಣು! ಮೋಟೆಬೆನ್ನೂರ ದಾರಿ ಹಿಡಿದಾನ!" ಎಂದು ಕೂಗಿ ಸೈಕಲ್ ಹತ್ತಿದೆ. ಅದು ನನಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಖತೀಜಾಬಿ ಮಾತ್ರ ಅಳು ನಿಲ್ಲಿಸಿ ನನ್ನ ತೋಳು ನೋಡಿದಳು.

ಹವಾಲ್ದಾರರು, ಖತೀಜಾಬಿ, ಬಸಪ್ಪ ಒಂದು ಟಾಂಗಾದಲ್ಲಿ ನನ್ನ ಹಿಂದೆ ಹೊರಟರು. ಅವರಿಗಿಂತ ಮೊದಲು ನಾನು ಕಳ್ಳನನ್ನು ಮುಟ್ಟಬೇಕು, ಬಾಯಿ ಬಿಡಬೇಡ ಎಂದು ಕೈಮುಗಿಯಬೇಕು ಎಂಬುದು ನನ್ನ ಯೋಚನೆ. ಓಣಿ ರಕ್ಷಕನ ಯೋಚನೆ ನೋಡಿ! ಊರು ದಾಟಿ ಹುಣಸೆಮರದ ಹತ್ತಿರ ಬಂದಾಗ ಅವನು ಕಂಡ. ಚೀಲ ನೆಲದ ಮೇಲಿತ್ತು, ಅವನು ಅದಕ್ಕೆ ಒರಗಿ ಕೂತಿದ್ದ. ದಣಿವಾರಿಸಿಕೊಳ್ಳಲು ಇಳಿಸಿದ್ದನಂತೆ. ಸುಡುಬಿಸಿಲು, ದಾರಿಯಲ್ಲಿ ನರಪಿಳ್ಳೆ ಇಲ್ಲ, ಮತ್ತೆ ಹೊರಿಸುವವರು ಯಾರು? ನನ್ನನ್ನು ಕಂಡದ್ದೇ ಮುಖ ಅರಳಿಸಿ ಎದ್ದ. "ದೇವರು ಬಂದಂಗ ಬಂದ್ರಿ ಯಜಮಾನ್ರ! ಇನ್ನೊಮ್ಮೆ ಎತ್ತಿ ಹೊರಸ್ರಿ."

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಸೈಕಲ್ ಮರಕ್ಕೆ ಒರಗಿಸಿ, ಬಗ್ಗಿ, ಎರಡು ಮೂಲೆ ಹಿಡಿದೆ. ಚೀಲ ಮೊಣಕಾಲೆತ್ತರಕ್ಕೆ ಬಂದಿತ್ತು, ಹಿಂದೆ ಟಾಂಗಾ ನಿಂತ ಸದ್ದಾಯಿತು.

ಹವಾಲ್ದಾರರು ಅವನ ರಟ್ಟೆ ಹಿಡಿದು, "ಯಾರಲೇ ನಿನಗ ಕೈ ಕೊಟ್ಟಾಂವ?" ಎಂದರು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇವರರೀ. ಆವಾಗನೂ ಇವರ, ಈಗೂ ಇವರ. ಭಾಳ ಚಲೋ ಮನಷ್ಯಾರು."

ಬಸಪ್ಪ ಟಾಂಗಾ ಇಳಿದು ಬಂದು ಚೀಲವನ್ನೂ ನನ್ನನ್ನೂ ನೋಡಿದ. ಎರಡು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ತಪ್ಪಾತು ಬಸಪ್ಪಾ" ಎಂದೆ. ಚೀಲವನ್ನು ಟಾಂಗಾಕ್ಕೆ ಹಾಕು ಎಂದು ಹವಾಲ್ದಾರರು ಹೇಳಿದಾಗ ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನಾ ಮುಟ್ಟೂದಿಲ್ಲರಿ. ಒಮ್ಮೆ ಹೆಸರು ಬಂದದ್ದು ಸಾಕು" ಎಂದ.

ಖತೀಜಾಬಿ ಟಾಂಗಾದಿಂದ ಇಳಿದಳು. ಚೀಲದ ಹೊಲಿಗೆ ಬಿಚ್ಚಿಲ್ಲವೆಂದು ಸುತ್ತಲೂ ತಡವಿ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ನೆಟ್ಟಗೆ ನನ್ನೆದುರು ಬಂದು ಕೈ ಚಾಚಿದಳು.

"ಆ ಸೀಟಿ ನನಗ ಕೊಡ್ರಿ. ನೀವು ಚೀಲ ಎತ್ರಿ, ನಿಮಗ ರೂಢಿ ಐತಿ."

ಆಗುವುದಿಲ್ಲ ಎನ್ನಲಿಲ್ಲ.