ಉಪವಾಸ ಕೂತ ಹಾವು

ಜಗಳ ಹುಡುಕಿಕೊಂಡು ಹೋಗುವವನು ನಾನಲ್ಲ. ಜಗಳವೇ ದಾರಿ ಕೇಳಿಕೊಂಡು ನನ್ನ ಹಿಟ್ಟಿನ ಗಿರಣಿಗೆ ಬರುತ್ತದೆ. ಸಿದ್ದಾಪುರ ತಾಲ್ಲೂಕಿನ ಬಿಳಗಿಯ ಹತ್ತಿರ, ರಸ್ತೆಗೆ ತಾಗಿ ಗಿರಣಿ, ಗಿರಣಿಗೆ ತಾಗಿ ಮನೆ. ರಸ್ತೆಗೆ ಡಾಂಬರು ಬೇಕೆಂದು, ಕರೆಂಟು ಸರಿಯಾಗಿ ಬರಬೇಕೆಂದು, ಬಸ್ ಕಾಯುವ ಜಾಗಕ್ಕೆ ಮಳೆಗೆ ನೆನೆಯದ ಹಾಗೆ ಒಂದು ಮಾಡು ಬೇಕೆಂದು ಸಿದ್ದಾಪುರದಲ್ಲಿ ಕಚೇರಿಗಳ ಎದುರು ಉಪವಾಸ ಕೂತವನು ನಾನು. ಶಾಲೆಯಲ್ಲಿ ಕಲಿತದ್ದು ಕಡಿಮೆ, ಕಚೇರಿ ಮೆಟ್ಟಿಲ ಮೇಲೆ ಕಲಿತದ್ದು ಜಾಸ್ತಿ. ಡಾಂಬರು ಬಂತು, ಕರೆಂಟು ಬಂತು, ಮಾಡು ಇನ್ನೂ ಬಂದಿಲ್ಲ. ಆದರೆ ಇಷ್ಟು ವರ್ಷದ ಹೋರಾಟದಲ್ಲಿ ನಾನು ಪೂರಾ ಸೋತದ್ದು ಒಬ್ಬಳ ಎದುರು ಮಾತ್ರ. ಹೆಂಡತಿ ಎಂದುಕೊಳ್ಳಬೇಡಿ, ಆ ಸೋಲು ಲೆಕ್ಕಕ್ಕಿಲ್ಲ. ಇವಳಿಗೆ ಕೈಯೂ ಇಲ್ಲ, ಕಾಲೂ ಇಲ್ಲ.

ಬೆಕ್ಕಿನ ಮರ್ಯಾದೆ

ಗಿರಣಿ ಎಂದರೆ ಇಲಿಗಳಿಗೆ ಅತಿಥಿಗೃಹ. ಜನ ತಿನ್ನುವ ಹಿಟ್ಟಿನ ಹತ್ತಿರ ವಿಷ ಇಡುವುದು ಪಾಪ, ಅದಕ್ಕೆ ಬೆಕ್ಕು ತಂದೆ. ಹಿಟ್ಟು ಬೀಸಿಸಲು ಬರುವ ಹೆಂಗಸರು "ಪಾಪದ ಬೆಕ್ಕು" ಎಂದು ದೋಸೆ, ಮೊಸರನ್ನ ತಂದು ಹಾಕಿ ಹಾಕಿ ಅದನ್ನು ದಿಂಬು ಮಾಡಿಬಿಟ್ಟರು. ಆಮೇಲೆ ಇಲಿ ಎದುರಿನಿಂದ ಬಂದರೆ ಬೆಕ್ಕೇ ಬದಿಗೆ ಸರಿದು ದಾರಿ ಬಿಡತೊಡಗಿತು.

ಗದ್ದೆಯ ಅಂಚಿನಲ್ಲಿ ಕೇರೆಹಾವುಗಳಿಗೆ ಬರವಿಲ್ಲ. ಒಂದನ್ನು ಹಿಡಿದು ಗಿರಣಿಯಲ್ಲಿ ಬಿಟ್ಟರೆ ಹೇಗೆ ಎಂದು ಪರಿಚಯದ ಅರಣ್ಯ ಗಾರ್ಡನ್ನು ಕೇಳಿದೆ.

"ಕೇರೆ ಸಾಕಿದ್ರೆ ಕೇಸು," ಎಂದ.

"ತಾನಾಗೇ ಬಂದ್ರೆ?"

"ಬಂದ್ರೆ ಬರಲಿ. ಕರೆದ್ರೆ ಕೇಸು."

"ಹಾಗಾದ್ರೆ ಸಾಕ್ಬಹುದಾದ ಹಾವು ಯಾವ್ದು?"

"ಆಫ್ರಿಕದ್ದು. ಬಾಲ್ ಪೈಥಾನ್ ಅಂತ. ಸಣ್ಣ ಜಾತಿಯ ಹೆಬ್ಬಾವು, ವಿಷ ಇಲ್ಲ. ಸರ್ಕಾರದಲ್ಲಿ ನೋಂದಣಿ ಮಾಡಿಸಿದ್ರೆ ಆಯ್ತು."

ನನಗೆ ಸಿಟ್ಟು ನೆತ್ತಿಗೇರಿತು. ಅಜ್ಜನ ಕಾಲದಿಂದ ನಮ್ಮ ಅಂಗಳದಲ್ಲೇ ಹರಿದಾಡುವ ಹಾವಿಗೆ ಕೇಸು, ಸಮುದ್ರ ದಾಟಿ ಬಂದದ್ದಕ್ಕೆ ಸ್ವಾಗತ! ಹಾವಿನಲ್ಲೂ ಫಾರಿನ್ ಮಾಲೇ ಬೇಕಾ ಎಂದು ರಸ್ತೆಯಲ್ಲೇ ನಿಂತು ಕೂಗಾಡಿದೆ. ಗಾರ್ಡು ಕೈ ಮುಗಿದ. "ಅಣ್ಣಾ, ಕಾನೂನು ಮಾಡಿದ್ದು ನಾನಲ್ಲ. ನಮ್ಮನೆ ಬೆಕ್ಕೂ ನನ್ನ ಮಾತು ಕೇಳೂದಿಲ್ಲ."

ಟಿಕೆಟ್ ಇಲ್ಲದ ಪ್ರಯಾಣಿಕಳು

ಕಾನೂನು ಹೇಗಿದೆಯೋ ಹಾಗೆಯೇ ಮಾಡಿ ತೋರಿಸುವುದು ನನ್ನ ಹಟ. ಕಾಗದಪತ್ರ ಎಲ್ಲ ಮುಗಿಸಿ ಹುಬ್ಬಳ್ಳಿಯಲ್ಲಿ ಹಾವು ಸಾಕಿ ಮಾರುವ ಒಬ್ಬನಿಂದ ಕೊಂಡೆ. ಕಂದು ಮೈ, ಮೇಲೆ ಜೇನುಬಣ್ಣದ ಮಚ್ಚೆ. ಮಾರಿದವ ಹೇಳಿದ: "ಭಾಳ ಮರ್ಯಾದಸ್ಥ ಹಾವ್ರಿ. ಹೆದರಿದ್ರ ಕಚ್ಚೂದಿಲ್ಲ, ತಲಿ ಒಳಗಿಟ್ಟು ಚೆಂಡಿನಂಗ ಆಗ್ತೈತಿ."

ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅವಳನ್ನಿಟ್ಟು ಶಿರಸಿ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ಕಿರವತ್ತಿ ಹತ್ತಿರ ಬರುವಾಗ ಕಂಡಕ್ಟರ್ ಡಬ್ಬಿ ನೋಡಿದ.

"ಒಳಗೇನೈತ್ರಿ? ಕೋಳಿ ಆದ್ರ ಟಿಕೆಟ್ ತಗೋಬೇಕ್ರಿ."

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಹಾವು," ಎಂದೆ.

"ಚ್ಯಾಷ್ಟಿ ಬ್ಯಾಡ್ರಿ ಯಜಮಾನ್ರ."

ಬಟ್ಟೆ ಸರಿಸಿ ತೋರಿಸಿದೆ. ಇಡೀ ಬಸ್ಸಿನ ಜನ ಡ್ರೈವರನ ಮಡಿಲಲ್ಲಿ ಕೂತಂತಾಯಿತು. ಹಿಂದಿನ ಅರ್ಧ ಬಸ್ಸು ನನ್ನದೊಬ್ಬನದು. ಕಂಡಕ್ಟರ್ ಕಂಬ ಹಿಡಿದುಕೊಂಡು, "ಇಳೀರಿ! ಈಗಿಂದೀಗ ಇಳೀರಿ!" ಎಂದ.

"ಕೋಳಿಗೆ ದರ ಇದೆ. ಹಾವಿಗೆ ಎಷ್ಟು ದರ ಹೇಳಿ, ಕೊಡ್ತೇನೆ. ದರ ಇಲ್ಲದಿದ್ರೆ ಯಾವ ನಿಯಮದಲ್ಲಿ ಇಳಿಸ್ತೀರಿ, ಅದನ್ನು ತೋರ್ಸಿ."

ಅವನು ಯಂತ್ರ ಒತ್ತಿ ಒತ್ತಿ ನೋಡಿದ. ಅದರಲ್ಲಿ ಹಾವು ಇರಲಿಲ್ಲ. ಆಗ ಮುಂದಿನ ಗುಂಪಿನೊಳಗಿಂದ ಒಬ್ಬ ಹೆಂಗಸು ಕುತ್ತಿಗೆ ಉದ್ದ ಮಾಡಿ ಕೇಳಿದಳು: "ಗಂಡೋ ಹೆಣ್ಣೋ ಅದು?"

"ಹೆಣ್ಣು."

"ಮತ್ಯಾಕ ಜಗಳ? ಹೆಣ್ಮಕ್ಕಳಿಗೆ ಬಸ್ ಫ್ರೀ ಐತಲ್ಲ!"

ಬಸ್ಸೆಲ್ಲ ನಕ್ಕಿತು. ಕಂಡಕ್ಟರನಿಗೆ ರೇಗಿತು. "ಹಂಗಾದ್ರ ಆಧಾರ್ ಕಾರ್ಡ್ ತೋರ್ಸ್ರಿ," ಎಂದ.

ಜೇಬಿನಿಂದ ಅವಳ ನೋಂದಣಿ ಕಾಗದ ತೆಗೆದು ಅವನ ಕಡೆ ಚಾಚಿದೆ. ಹತ್ತಿರ ಬಂದು ತೆಗೆದುಕೊಳ್ಳಲು ಅವನು ತಯಾರಿರಲಿಲ್ಲ. ಮುಂದೆ ನಿಂತೇ ಓದಿದಂತೆ ಮಾಡಿ, "ಸರಿ ಐತಿ, ಸರಿ ಐತಿ, ಮುಚ್ರಿ ಡಬ್ಬಿ," ಎಂದ.

ಕರಾರು

ಹೆಂಡತಿ ಡಬ್ಬಿಯೊಳಗೆ ಇಣುಕಿದವಳು ಕಿರುಚಲಿಲ್ಲ. ಸೊಂಟಕ್ಕೆ ಕೈಯಿಟ್ಟು ಹೇಳಿದಳು: "ಚೌತಿಗೆ ನನ್ನ ತವರಿನವರು ಬರ್ತಾರೆ. ಅಷ್ಟರೊಳಗೆ ಇದು ಒಂದೇ ಒಂದು ಇಲಿ ತಿಂದು ತೋರಿಸ್ಲಿ, ಮನೇಲಿರ್ಲಿ. ತಿನ್ನದಿದ್ರೆ ಬಂದ ಬಸ್ಸಿಗೇ ವಾಪಸ್."

"ಒಂದಾ? ಗಿರಣಿಯ ಇಲಿ ಸಾಕಾಗೂದಿಲ್ಲ ನೋಡ್ತಾ ಇರು," ಎಂದೆ.

ಗಿರಣಿಯ ಒಳಕೋಣೆಯಲ್ಲಿ ಅವಳಿಗೊಂದು ಪೆಟ್ಟಿಗೆ ಮಾಡಿದೆ. ಪಳಗಿಸುವುದು ಕಷ್ಟವಾಗಲಿಲ್ಲ. ಮೊದಮೊದಲು ಮುಟ್ಟಿದರೆ ಚೆಂಡಾಗುತ್ತಿದ್ದಳು. ದಿನಾ ಬೆಳಿಗ್ಗೆ ಸುಮ್ಮನೆ ಕೈ ಇಟ್ಟು ಕೂತೆ. ಕ್ರಮೇಣ ತಲೆ ಹೊರಗೆ ಬಂತು, ನಾಲಿಗೆ ಬಂತು, ಒಂದು ದಿನ ಮೊಣಕೈಗೆ ಸುತ್ತಿಕೊಂಡು ಹಾಯಾಗಿ ಕೂತಳು. ಜೀವಮಾನದಲ್ಲಿ ನನ್ನ ಕೈ ಹಿಡಿದು ಮಾತಿಗೆ ಎದುರುಮಾತು ಕೊಡದವಳು ಅವಳೊಬ್ಬಳೇ. ಅವಳನ್ನು ವಾಪಸ್ ಕಳಿಸುವ ಮಾತು ಬಂದರೆ ನಾನು ಎದ್ದು ಹೊರಗೆ ಹೋಗತೊಡಗಿದೆ.

ಆದರೆ ಇಲಿ? ಬೋನಿನಲ್ಲಿ ಬಿದ್ದ ಒಂದು ದಪ್ಪ ಇಲಿಯನ್ನು ಪೆಟ್ಟಿಗೆಯೊಳಗೆ ಬಿಟ್ಟೆ. ಹಾವು ತಲೆ ಒಳಗೆಳೆದು ಚೆಂಡಾಯಿತು. ಇಲಿ ಸುತ್ತಲೂ ಮೂಸಿ ನೋಡಿ, ಚೆಂಡಿನ ಮೇಲೆ ಹತ್ತಿ ಕೂತು, ನನ್ನ ಮುಖ ನೋಡುತ್ತ ಮೀಸೆ ತಿಕ್ಕಿಕೊಂಡಿತು.

ಹುಬ್ಬಳ್ಳಿಗೆ ಫೋನು ಮಾಡಿದೆ. ಮಾರಿದವ ಗಾಬರಿಯಾದ. "ಅಯ್ಯೋ, ಜೀವಂತ ಬಿಡಬ್ಯಾಡ್ರಿ, ಅಂಜ್ತೈತಿ! ನೀವ ಹಿಡಿದು, ನೀವ ಕೊಂದು, ಬೆಚ್ಚಗ ಮಾಡಿ, ಇಕ್ಕಳದಾಗ ಹಿಡಿದು ಮೂಗಿನ ಮುಂದ ಅಲ್ಲಾಡಿಸ್ಬೇಕ್ರಿ."

ಇಲಿ ಹಿಡಿಯುವ ಕೆಲಸ ತಪ್ಪಲಿ ಎಂದು ನಾನು ಹಾವು ತಂದದ್ದು. ಎಲ್ಲ ಕೇಳಿಸಿಕೊಂಡ ಹೆಂಡತಿ ಒಲೆ ಊದುತ್ತಲೇ ಹೇಳಿದಳು: "ನೀವು ತಂದದ್ದು ಹಾವಲ್ಲ ಮಾರಾಯ್ರೆ, ಹಬ್ಬಕ್ಕೆ ಬಂದ ಅಳಿಯ."

ಅಜ್ಜಿಯ ಸಾಕ್ಷಿ

ಬೆಚ್ಚಗೆ ಮಾಡಿ ಕೊಟ್ಟದ್ದನ್ನೂ ಅವಳು ಮುಟ್ಟಲಿಲ್ಲ. ನಾಗರಪಂಚಮಿ ಬಂತು. ಹೆಂಗಸರು ಹಾಲು, ಅರಳು, ಅರಿಶಿನ ಹಿಡಿದು ನೇರ ಗಿರಣಿಗೆ ಬಂದರು. ನನಗೆ ರೇಗಿತು. ಹಾವು ಹಾಲು ಕುಡಿಯುವುದಿಲ್ಲ, ಕಲ್ಲು ನಾಗನಿಗೆ ಹಾಲು ಎರೆದು ನಿಜವಾದ ಹಾವಿಗೆ ದೊಣ್ಣೆ ಎತ್ತುವವರು ನೀವು, ನಾಚಿಕೆಯಾಗಬೇಕು ಎಂದು ಹಿಟ್ಟಿನ ಡಬ್ಬದ ಮೇಲೆ ಹತ್ತಿ ಭಾಷಣ ಮಾಡಿದೆ.

ಹೆಗಡೆಕಟ್ಟಾ ಕಡೆಯಿಂದ ಮದುವೆಯಾಗಿ ಬಂದ, ನಮ್ಮ ಹಳೆಯ ಗಿರಾಕಿ ಅಜ್ಜಿಯೊಬ್ಬರಿದ್ದಾರೆ. ಅವರು ಭಾಷಣ ಪೂರ್ತಿ ಕೇಳಿ ತಮ್ಮ ಹವ್ಯಕ ಮಾತಿನಲ್ಲಿ ನಿಧಾನಕ್ಕೆ ಶುರುಮಾಡಿದರು. "ಹೌದು ತಮಾ, ಹಾವು ಹಾಲು ಕುಡಿತಿಲ್ಲೆ. ಒಪ್ಪಿದೆ. ನಿನ್ನ ಹಾವು ಇಲಿಯನ್ನಾದ್ರೂ ತಿಂತಾ?"

"ಇನ್ನೂ ಇಲ್ಲ ಅಜ್ಜಿ. ತಿನ್ನುತ್ತದೆ. ತಿನ್ನಲೇಬೇಕು."

"ಎಂತಕ್ಕೆ ತಿನ್ನವು? ನಮ್ಮನೆ ಗಣಪತಿಯ ಹೊಟ್ಟೆ ಮೇಲೂ ಒಂದು ಹಾವು ಇದ್ದು, ಕಾಲಬುಡದಲ್ಲಿ ಇಲಿಯೂ ಇದ್ದು. ಆನು ಮದುವೆ ಆಗಿ ಬಂದಾಗಿಂದ ನೋಡ್ತಾ ಇದ್ದೆ. ಒಂದು ಚೌತಿಗೂ ತಿಂದಿದ್ದಿಲ್ಲೆ."

ನಾನು ಡಬ್ಬದಿಂದ ಇಳಿದೆ.

ನಾನೇ ಸರ್ಕಾರ

ಬಸ್ಸಿನ ಕತೆ ಮೊದಲೇ ಊರೆಲ್ಲ ಸುತ್ತಿತ್ತು. ದಿನ ಹೋದಂತೆ ಇನ್ನೊಂದು ಸುದ್ದಿ ಹಬ್ಬಿತು, ಗಿರಣಿಯಲ್ಲಿ ಹಾವು ಉಪವಾಸ ಕೂತಿದೆ ಎಂದು. ಪಕ್ಕದ ಚಾ ಅಂಗಡಿಯವ ಬಂದು ನೋಡಿದ. ನನ್ನ ಎಲ್ಲ ಧರಣಿಯಲ್ಲೂ ಪಕ್ಕದಲ್ಲಿ ಕೂತವನು ಅವನು.

"ಅಣ್ಣಾ, ಬೇಜಾರು ಮಾಡ್ಕೊಳ್ಬೇಡಿ. ನೀವು ಉಪವಾಸ ಕೂತ್ರೆ ಮಧ್ಯಾಹ್ನದ ಹೊತ್ತಿಗೇ ಯಾರು ಎಳನೀರು ತರ್ತಾರೆ ಅಂತ ರಸ್ತೆ ನೋಡ್ತೀರಿ. ಇವಳು ನೋಡಿ. ಬ್ಯಾನರಿಲ್ಲ, ಮೈಕಿಲ್ಲ, ಪೇಪರಿನವರಿಲ್ಲ. ಇದು ಉಪವಾಸ!"

"ನನ್ನ ಹಾವು ಸಾಯ್ತಾ ಇದೆಯೋ ಏನೋ, ನಿಂಗೆ ತಮಾಷೆ."

"ಬೇಡಿಕೆ ಏನು ಅಂತ ಕೇಳಿದ್ರಾ? ಕೇಳ್ದೆ ಸುಮ್ನೆ ತಿನ್ನು ತಿನ್ನು ಅಂದ್ರೆ? ನೀವೂ ಸರ್ಕಾರದ ಹಾಗೇ ಆದ್ರಲ್ಲ!"

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಕುತ್ತಿಗೆ ಪಟ್ಟಿ ಹಿಡಿಯುತ್ತಿದ್ದೆ. ಒಳಗೆ ಹೋಗಿ ಮತ್ತೆ ಹುಬ್ಬಳ್ಳಿಗೆ ಫೋನು ಮಾಡಿದೆ. ಮಾರಿದವ ಸಮಾಧಾನ ಹೇಳಿದ. ಈ ಜಾತಿ ತಿಂಗಳುಗಟ್ಟಲೆ ತಿನ್ನದೇ ಇರುತ್ತದಂತೆ, ಸಾಯುವುದಿಲ್ಲವಂತೆ. ಆಮೇಲೆ ಕೇಳಿದ: "ಅಲ್ಲೇನರ ನೆಲ ನಡಗ್ತೈತೇನ್ರಿ? ಅದು ಮೈಯಿಂದಾನ ಕೇಳ್ತೈತ್ರಿ. ಗದ್ದಲ ಇರಬಾರ್ದು. ಮಳಿಗಾಲದಾಗ ಬೆಚ್ಚಗಿರಬೇಕು. ಕತ್ತಲಿರಬೇಕು."

ನೆಲ ನಡುಗುವುದೇ? ಗಿರಣಿ ಶುರುವಾದರೆ ನಮ್ಮ ಮನೆಯ ಲೋಟಗಳು ಗೂಡು ಬಿಟ್ಟು ನಡೆದು ಹೋಗುತ್ತವೆ.

ಚೌತಿ ಹತ್ತಿರ ಬಂದಿತ್ತು. ಬೇರೆ ದಾರಿ ಕಾಣದೆ ಬಾಗಿಲಿಗೆ ಹಲಗೆ ತೂಗುಹಾಕಿದೆ: "ಹಾವಿನ ಆರೋಗ್ಯದ ದೃಷ್ಟಿಯಿಂದ ಗಿರಣಿ ಬಂದ್."

ಚಕ್ಕುಲಿ ಚಳವಳಿ

ನಮ್ಮ ಕಡೆ ಚೌತಿಗೆ ಮೊದಲು ಚಕ್ಕುಲಿ ಕಂಬಳ. ಕೋಣ ಓಡಿಸುವುದಲ್ಲ. ಊರಿನವರೆಲ್ಲ ಒಂದು ಮನೆಯಲ್ಲಿ ಸೇರಿ, ಹಿಟ್ಟನ್ನು ಕೈಯಲ್ಲೇ ಹೊಸೆದು ಸುತ್ತಿ ಚಕ್ಕುಲಿ ಮಾಡುವುದು. ಆ ಸಲ ನಮ್ಮ ಮನೆಯ ಪಾಳಿ. ಅದಕ್ಕೆ ಬೇಕಾದ ಅಕ್ಕಿ ಹಿಟ್ಟು ಆಗುವುದು ನನ್ನ ಗಿರಣಿಯಲ್ಲಿ. ಅಂಥ ವಾರದಲ್ಲಿ ನಾನು ಬಂದ್ ಮಾಡಿದ್ದೆ. ಇಂಥ ತಪ್ಪನ್ನು ಯಾವ ಸರ್ಕಾರವೂ ಮಾಡುವುದಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದ ತುಂಬ ಹೆಂಗಸರು. ಅಕ್ಕಿ ಡಬ್ಬ ಎದುರಿಗಿಟ್ಟು, ಕೊಡೆ ಬಿಚ್ಚಿ ಕೂತಿದ್ದಾರೆ. ನನ್ನನ್ನು ನೋಡಿದ್ದೇ ತಡ, "ಗಿರಣಿ ಮಾಲಕನಿಗೆ!" ಎಂದು ಒಬ್ಬಳು ಕೂಗಿದಳು. "ಧಿಕ್ಕಾರ!" ಎಂದರು ಉಳಿದವರು. ಕೈ ಎತ್ತುವ ರೀತಿ, ಎಳೆಯುವ ರಾಗ, ಎಲ್ಲ ನಾನೇ ಕಲಿಸಿದ್ದು.

ನಾನು ಮೆಟ್ಟಿಲ ಮೇಲೆ ನಿಂತು ಕೈ ಜೋಡಿಸಿದೆ. "ತಾಯಂದಿರೇ, ಸಹಕರಿಸಿ. ನಿಮ್ಮ ಬೇಡಿಕೆ ನನ್ನ ಗಮನದಲ್ಲಿದೆ. ಪರಿಶೀಲಿಸಿ ಆದಷ್ಟು ಬೇಗ ಸೂಕ್ತ ಕ್ರಮ..."

ಹೇಳುತ್ತಿದ್ದ ಹಾಗೇ ನನ್ನ ಬಾಯಲ್ಲಿ ಕಚೇರಿ ಸಾಹೇಬರ ಮಾತು ನನಗೇ ಕೇಳಿಸಿತು. ಚಾ ಅಂಗಡಿಯವ ನಗು ತಡೆಯಲಾರದೆ ಕೆಟಲು ಕೆಳಗಿಟ್ಟ.

"ಬಾಯಿಮಾತು ಬೇಡ, ಬರಹದಲ್ಲಿ ಕೊಡಿ!" ಎಂದಳು ಎದುರು ಕೂತವಳು. ಅದೂ ನಾನು ಕಲಿಸಿದ್ದೇ.

ಹೊರಗೆ ಧರಣಿ, ಒಳಗೆ ಉಪವಾಸ, ನಡುವೆ ನಾನು. ಅಷ್ಟರಲ್ಲಿ ಹೆಂಡತಿ ಒಳಕೋಣೆಗೆ ಹೋದಳು. ಅಲ್ಲಿಯವರೆಗೆ ಪೆಟ್ಟಿಗೆಯ ಹತ್ತಿರವೂ ಸುಳಿಯದವಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಿಲ ಕಡೆ ನಡೆದಳು. ಹಿತ್ತಿಲ ತುದಿಯಲ್ಲಿ, ಗಿರಣಿಯಿಂದ ದೂರಕ್ಕೆ ನಮ್ಮ ಬಚ್ಚಲುಮನೆ. ಮಳೆಗಾಲದಲ್ಲಿ ಅಲ್ಲಿ ಹಂಡೆಯ ಒಲೆ ಆರುವುದೇ ಇಲ್ಲ, ಒದ್ದೆ ಬಟ್ಟೆ ಒಣಗುವುದೂ ಅಲ್ಲೇ. ಹಂಡೆಯ ಪಕ್ಕದ ಗೋಡೆಗೂಡಿನಲ್ಲಿ ಪೆಟ್ಟಿಗೆಯಿಟ್ಟು, ಮೇಲಿಂದ ತನ್ನ ಹಳೆ ಸೀರೆ ಮುಚ್ಚಿ, ವಾಪಸ್ ಬಂದು ಹಲಗೆ ಕಿತ್ತಳು.

"ಬೆಚ್ಚಗೆ, ಕತ್ತಲೆ, ಗದ್ದಲ ಇಲ್ಲ. ಇಷ್ಟಕ್ಕೆ ಒಂದು ತಾಲ್ಲೂಕು ಕುಣಿಸಿದ್ರಲ್ಲ! ಗಿರಣಿ ಶುರು ಮಾಡಿ."

ಗಿರಣಿ ಗುಡುಗಿತು. ಹಿಟ್ಟಾಯಿತು. ಕಂಬಳದ ದಿನ ನಮ್ಮ ಜಗಲಿಯ ತುಂಬ ಹೆಂಗಸರು ಸುತ್ತು ಸುತ್ತು ಚಕ್ಕುಲಿ ಸುತ್ತುತ್ತಿದ್ದರೆ, ನಾನು ಬಚ್ಚಲಿನಲ್ಲಿ ಇಕ್ಕಳದ ತುದಿಗೆ ಬೆಚ್ಚಗಿನ ಇಲಿ ಹಿಡಿದು ನಿಂತಿದ್ದೆ. ಮರುದಿನ ತವರಿನವರು ಬರುವವರು. ಇದೇ ಕೊನೆಯ ಪ್ರಯತ್ನ. ಸೀರೆ ಸರಿಸಿದೆ. ತಲೆ ಹೊರಗೆ ಬಂತು, ನಾಲಿಗೆ ಬಂತು, ಕುತ್ತಿಗೆ ಡೊಂಕಾಯಿತು. ಕಣ್ಣು ಮಿಟುಕಿಸುವುದರೊಳಗೆ ಇಕ್ಕಳ ಖಾಲಿ.

"ತಿಂತು! ತಿಂತು!" ಎಂದು ಕೂಗುತ್ತ ಜಗಲಿಗೆ ಓಡಿದೆ. "ಕರಾರು ಗೆದ್ದೆ! ಇನ್ನು ಅವಳು ಇಲ್ಲೇ!"

ಹೆಂಡತಿ ಚಕ್ಕುಲಿಯಿಂದ ಕಣ್ಣೆತ್ತಲಿಲ್ಲ. "ನೀವೆಂತ ಗೆದ್ದದ್ದು? ಗೆದ್ದದ್ದು ಅವಳು. ಒಂದು ಮಾತಾಡ್ಲಿಲ್ಲ. ಗಿರಣಿ ಬಂದ್ ಮಾಡ್ಸಿದ್ಲು, ಊರಿನ ಹೆಂಗಸರನ್ನೆಲ್ಲ ಧರಣಿ ಕೂರ್ಸಿದ್ಲು, ಕೇಳಿದ ಜಾಗ ತಗೊಂಡ್ಲು. ಆ ಬಸ್ ನಿಲ್ದಾಣದ ಮಾಡಿಗೆ ಮುಂದಿನ ಸಲ ನೀವು ಉಪವಾಸ ಕೂರ್ಬೇಡಿ. ಸಿದ್ದಾಪುರಕ್ಕೆ ಅವಳನ್ನೇ ಕಳಿಸುವ."

ಅಜ್ಜಿ ತಾನು ಸುತ್ತಿದ ಚಕ್ಕುಲಿಯನ್ನು ಬಾಳೆಲೆಯ ಮೇಲೆ ಇಳಿಸಿ, ಕೈಯ ಹಿಟ್ಟು ಉದುರಿಸಿಕೊಂಡರು.

"ಖರ್ಚೂ ಇಲ್ಲೆ ತಮಾ. ಅವಳಿಗೆ ಬಸ್ಸು ಫ್ರೀ ಇದ್ದಲಾ."