ದೊಡ್ಡಪ್ಪನ ಏಡಿ ಬೇಟೆಯ ಪ್ಯಾಂಟು

ಕಳೆದ ಜೂನ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಜಯನಗರದ ಒಂದು ಅಂಗಡಿಯಲ್ಲಿ ನನ್ನ ದೊಡ್ಡಪ್ಪ ಮಳೆ ಪ್ಯಾಂಟ್ ತೊಟ್ಟು ಕುಕ್ಕರಗಾಲಲ್ಲಿ ಕೂತರು. ಕಾಲು ಗಂಟೆಯಾದರೂ ಏಳಲಿಲ್ಲ. ಪ್ಯಾಂಟ್ ಕೊಳ್ಳಲು ಹೋಗಿ ಹೀಗೆ ಕೂತವರು ಈ ಊರಲ್ಲಿ ಇನ್ನೊಬ್ಬರಿದ್ದರೆ ತಿಳಿಸಿ, ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ತಿದ್ದುಪಡಿ ಹಾಕುತ್ತೇನೆ!

ಅಂಗಡಿಯವರಿಗೆ ಗಾಬರಿಯಾಯಿತು. "ಅಂಕಲ್, ಹುಷಾರಿದ್ದೀರಾ? ನೀರು ತರ್ಲಾ?"

"ತನ್ನಿ, ಒಂದು ಬಕೆಟ್. ಬೇಟೆಗೆ ಹೋಗೋನು ಹೀಗೇ ಕೂರೋದು. ನೀರು ಎಲ್ಲಿಂದ ನುಗ್ಗುತ್ತೆ ನೋಡ್ಬೇಕು."

"ಬೇಟೇನಾ?" ಅವರು ದನಿ ತಗ್ಗಿಸಿದರು. "ಸಾರ್, ಅದೆಲ್ಲ ಕೇಸಾಗುತ್ತೆ. ನಮ್ಮ ಅಂಗಡಿ ಹೆಸರು ಹೇಳ್ಬೇಡಿ."

"ಏಡಿ ಬೇಟೆ ಕಣಪ್ಪಾ!"

ದೊಡ್ಡಪ್ಪ ಕೋಣನಕುಂಟೆಯವರು. ಅದು ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವರು, ಬಸ್ ಓಡಿಸಿ ನಿವೃತ್ತರಾದವರು. ಅವರ ಮಟ್ಟಿಗೆ ಬೇಟೆಯೆಂದರೆ ಮುಂಗಾರಿನಲ್ಲಿ ಗದ್ದೆಯ ಕಾಲುವೆಗಿಳಿದು ಏಡಿ ಹಿಡಿಯುವುದು, ಅಷ್ಟೇ. ಅದರ ಹಿಂದಿನ ವರ್ಷದ ಮಳೆಗಾಲದಲ್ಲಿ ಹಾಗೆ ಇಳಿದಾಗ ಮೊಣಕಾಲ ಕೆಳಗೊಂದು ಗೀರಾಯಿತು. ಸಕ್ಕರೆ ಕಾಯಿಲೆಯ ಕಾಲು, ಗೀರು ಹುಣ್ಣಾಗಿ ಎರಡು ತಿಂಗಳು ಮಲಗಿಸಿತು. ಇನ್ನು ಕೆಸರುನೀರು ಕಾಲಿಗೆ ತಾಕಲೇಬಾರದು ಎಂದರು ಡಾಕ್ಟರು. ದೊಡ್ಡಮ್ಮ ಅದಕ್ಕೊಂದು ಕಲಮು ಸೇರಿಸಿದರು: "ಒಂದು ಹನೀನೂ ಒಳಗೆ ಹೋಗದ ಪ್ಯಾಂಟ್ ತನ್ನಿ, ಕಳಿಸ್ತೀನಿ. ಹೋಯ್ತೋ, ಬೇಟೆ ಅನ್ನೋ ಮಾತು ಈ ಮನೇಲಿ ಮುಗೀತು."

ಇಷ್ಟು ಹೇಳಿದ್ದೇ ತಡ, ದೊಡ್ಡಪ್ಪ ಪ್ಯಾಂಟಿನ ಬೇಟೆಗೆ ಹೊರಟರು. ಗಾಡಿ ನನ್ನದು, ಪೆಟ್ರೋಲೂ ನನ್ನದು.

ಜಯನಗರದ ಪ್ಯಾಂಟ್ ಫೇಲಾಯಿತು. "ಇದು ಸ್ಕೂಟರ್ ಓಡಿಸೋರದ್ದು. ಆಫೀಸ್ ಬಂದ ತಕ್ಷಣ ಬಿಚ್ಚಿ ಬ್ಯಾಗಿಗೆ ತುರುಕ್ತಾರೆ. ಮಂಡಿಯೂರಿದ್ರೆ ಎರಡೇ ದಿನ."

ಬಿಟಿಎಂ ಲೇಔಟಿನ ಅಂಗಡಿಯಲ್ಲಿ ಗಟ್ಟಿ ಪ್ಯಾಂಟ್ ಸಿಕ್ಕಿತು. ದೊಡ್ಡಪ್ಪ ಅದನ್ನು ತೊಟ್ಟು ಆ ಮೂಲೆಯಿಂದ ಈ ಮೂಲೆಗೆ ನಡೆದರು. ಸರ್ ಸರ್ ಸರ್!

"ಹಪ್ಪಳ ಮುರಿದಂಗೆ ಸದ್ದು ಮಾಡುತ್ತಲ್ಲೋ. ಏಡಿ ಓಡಿಹೋಗಲ್ವಾ?"

"ಏಡಿಗೆ ಕಿವಿ ಇದೆಯಾ ದೊಡ್ಡಪ್ಪಾ?"

"ಕಿವಿ ಇಲ್ದಿದ್ರೇನು, ನಾಚಿಕೆ ಇದೆಯಲ್ಲ!"

ಬನಶಂಕರಿಯಲ್ಲಿ ಜೇಬಿನಿಂದ ಜಾಲಿಮುಳ್ಳು ತೆಗೆದು, ಮಾರಾಟಕ್ಕಿಟ್ಟ ಪ್ಯಾಂಟಿನ ಮೇಲೆ ಬರ್ರನೆ ಎಳೆದರು. ಬೆಲೆ ಕೇಳುವ ಮೊದಲು ಮುಳ್ಳನ್ನು ಕೇಳಬೇಕಂತೆ! ಮುಳ್ಳು ಗೆದ್ದಿತು. ಆ ಹರಿದ ಪ್ಯಾಂಟನ್ನು ನಾನೇ ಕೊಂಡೆ. ಈಗಲೂ ಅದನ್ನೇ ತೊಟ್ಟು ಆಫೀಸಿಗೆ ಹೋಗುತ್ತಿದ್ದೇನೆ, ಎಡತೊಡೆ ಮಾತ್ರ ನೆನೆಯುತ್ತದೆ.

ಅಂಗಡಿಯಲ್ಲಿ ಪಾಸಾದವಕ್ಕೆ ಮನೆಯಲ್ಲಿ ದೊಡ್ಡಮ್ಮನ ಪರೀಕ್ಷೆ. ದೊಡ್ಡಪ್ಪನ ಕಾಲಿಗೆ ಹಳೆಯ ಪೇಪರ್ ಸುತ್ತಿ, ಮೇಲೆ ಪ್ಯಾಂಟ್ ತೊಡಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಡುವುದು. ಮೊದಲನೆಯದರಲ್ಲಿ ಹೊಲಿಗೆ ಸೋರಿತು. ಆಫೀಸಿನಲ್ಲಿ ಕೂತು ನಾನು ಕಣ್ಣು ಕೆಂಪಾಗುವಷ್ಟು ಪ್ರೂಫ್ ತಿದ್ದಿದ ಪುಟ ಅವರ ತೊಡೆಯ ಮೇಲೆ ಗಂಜಿಯಾಗಿತ್ತು. ಎರಡನೆಯದು ಸೊಂಟದಲ್ಲಿ ಸೋರಿತು. ಪಕ್ಕದ ಮನೆಯಾಕೆ ತಾರಸಿಯಿಂದ ಬಗ್ಗಿ, "ಏನ್ ಆಂಟಿ, ಅಂಕಲ್‌ಗೆ ಎಣ್ಣೆ ಸ್ನಾನಾನಾ?" ಎಂದರು. "ಇಲ್ಲಮ್ಮಾ, ಡ್ರೈವಿಂಗ್ ಟೆಸ್ಟು" ಎಂದರು ದೊಡ್ಡಮ್ಮ, ನಗದೆ.

ಮೂರನೆಯದು ಅರೆಕೆರೆಯಲ್ಲಿ ಸಿಕ್ಕಿತು. ಮಂಡಿಗೆ ಎರಡು ಪದರ, ಹೊಲಿಗೆಗಳ ಮೇಲೆ ಒಳಗಡೆಯಿಂದ ಟೇಪು, ಸದ್ದಿಲ್ಲ. ಅದರ ಕೆಳಗೆ ಗಮ್ ಬೂಟು, ಎರಡೂ ಸೇರುವ ಕಡೆ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿದರು. ಅರ್ಧ ಗಂಟೆಯ ನಂತರ ಪೇಪರ್ ಬಿಚ್ಚಿ ನೋಡಿದರೆ ರಾಶಿಭವಿಷ್ಯವನ್ನೂ ಓದಬಹುದಿತ್ತು.

"ಪಾಸ್" ಎಂದರು ದೊಡ್ಡಮ್ಮ.

ಮುಂದಿನ ಭಾನುವಾರವೇ ಹೊರಟೆವು. ಕೋಣನಕುಂಟೆಯ ಗದ್ದೆಗಳೆಲ್ಲ ಸೈಟುಗಳಾಗಿ ಬಹಳ ವರ್ಷವಾಯಿತು. ಕನಕಪುರ ರಸ್ತೆಯಲ್ಲಿ ಇನ್ನೂ ಮುಂದೆ ನೆಂಟರದೊಂದು ಗದ್ದೆಯಿದೆ, ಪಕ್ಕದಲ್ಲೇ ಕಾಲುವೆ. ಜಿಟಿಜಿಟಿ ಮಳೆ. ದೊಡ್ಡಪ್ಪ ಹೊಸ ಪ್ಯಾಂಟಿನಲ್ಲಿ ಮದುವೆ ಗಂಡಿನ ಗತ್ತಿನಿಂದ ಇಳಿದರು. ನಾಲ್ಕು ಹೆಜ್ಜೆ ಹೋಗಿ ನಿಂತರು. ಮತ್ತೆ ನಾಲ್ಕು ಹೆಜ್ಜೆ. ಮತ್ತೆ ನಿಂತರು.

"ಏನಾಯ್ತು ದೊಡ್ಡಪ್ಪಾ?"

"ಗೊತ್ತಾಗ್ತಿಲ್ಲ ಕಣೋ."

ಅವರು ಏಡಿಯನ್ನು ಕಣ್ಣಿನಿಂದ ಹುಡುಕಿದವರೇ ಅಲ್ಲ. ಏಡಿ ಬಿಲ ತೋಡಿದ ಕಡೆ ಕೆಸರು ಸಡಿಲವಾಗಿರುತ್ತದೆ, ಬರಿಗಾಲಿಗೆ ಗೊತ್ತಾಗುತ್ತದೆ. ಕಾಲು ಹೇಳಿದ ಕಡೆ ಕೈ ಹಾಕುವುದು. ಎಂಟು ವರ್ಷದವರಿದ್ದಾಗಿಂದ ಹಾಗೇ. ಈಗ ಬೂಟಿಗೆ ಎಲ್ಲ ಕೆಸರೂ ಒಂದೇ! ಇಷ್ಟೆಲ್ಲ ಪರೀಕ್ಷೆ ಮಾಡಿದ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಒಂದು ಗಂಟೆ ಅಲ್ಲೇ ನಿಂತಿದ್ದರು. ಒಮ್ಮೆ ಬಗ್ಗಿ ಟ್ಯೂಬಿನ ಗಂಟಿಗೆ ಕೈ ಹಾಕಿದರು. ದಡದಲ್ಲಿದ್ದ ನನ್ನನ್ನು ನೋಡಿದರು. ಕೈ ತೆಗೆದರು.

ಮನೆಯಲ್ಲಿ ದೊಡ್ಡಮ್ಮ ಮಂಡಿಯೂರಿ ಬೂಟು ಎಳೆದು, ಪಾದ ಮುಟ್ಟಿ ನೋಡಿದರು.

"ಒಣಗೇ ಇದೆ. ನೀರು ತುಂಬ ತಣ್ಣಗಿತ್ತಾ?"

"ಗೊತ್ತಾಗ್ಲಿಲ್ಲ ಕಣೇ" ಎಂದರು ದೊಡ್ಡಪ್ಪ. ಊಟಕ್ಕೆ ಕರೆದರೂ ಬಹಳ ಹೊತ್ತು ಏಳಲಿಲ್ಲ.

ಮರುವಾರ ಗಾಡಿ ಸಾಲದೆ ಆಟೋ ಮಾಡಬೇಕಾಯಿತು. ನಲವತ್ತೆರಡು ವರ್ಷ ಏಡಿ ಸಾರು ಮಾಡಿದ್ದರೂ ಒಂದು ದಿನವೂ ಕಾಲುವೆಗೆ ಇಳಿಯದ ದೊಡ್ಡಮ್ಮ, ಸೀರೆ ಎತ್ತಿ ಕಟ್ಟಿ ಬರಿಗಾಲಲ್ಲಿ ಇಳಿದರು. ದೊಡ್ಡಪ್ಪ ಆ ಪ್ಯಾಂಟು ತೊಟ್ಟು, ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿದರು.

"ಹೇಳು."

"ಮೆತ್ತಗಿದೆ."

"ಎಷ್ಟು ಮೆತ್ತಗೆ?"

"ಹಿಟ್ಟು ನಾದ್ದಂಗೆ."

"ಅಲ್ಲಲ್ಲ. ಎಡಕ್ಕೆ ಬಾ. ನಿಧಾನ. ಬೆರಳು ಊರು. ತಣ್ಣಗಿದೆಯಾ?"

"ತಣ್ಣಗಿದೆ ರೀ. ಹಿಮ್ಮಡಿ ಹತ್ರ ಏನೋ ಕಚಗುಳಿ ಇಡ್ತಿದೆ."

"ಅದು ಮೀನಿನ ಮರಿ. ಇರ್ಲಿ, ಹಾಗೇ ನಿಂತಿರು ಸ್ವಲ್ಪ ಹೊತ್ತು."

ಅವರು ನಿಂತರು.

ಈವರೆಗೆ ಮೂರು ಭಾನುವಾರ ಹೋಗಿದ್ದಾರೆ. ಸಿಕ್ಕಿರುವುದು ಒಂದು ಏಡಿ. ಹೊಟ್ಟೆಯಡಿ ಮರಿಗಳಿದ್ದವು, ಕಾಲುವೆಗೇ ಬಿಟ್ಟು ಬಂದರು.