ನಮ್ಮಪ್ಪನ ಕೋಶ ಕ್ಲಾಸಿಗೆ ಬರಲಿಲ್ಲ

ಜಮಖಂಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ನನಗೆ ಸಾವಿನ ಪಾಠ ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಎಷ್ಟೇ ಗಂಭೀರವಾಗಿ ಶುರು ಮಾಡಿದರೂ ಯಾರಾದರೊಬ್ಬರು ನಗಿಸದೆ ಬಿಟ್ಟಿಲ್ಲ. ಒಂದು ವರ್ಷ ಮಾತ್ರ, ನಗಿಸಿದವನು ಕ್ಲಾಸಿನವನಲ್ಲ, ನಮ್ಮಪ್ಪ.

೧. ಅಜ್ಜನ ಬುನಾದಿ

ಕೋಶ ಸಾಯುವಾಗ ಸುಮ್ಮನೆ ಬಿದ್ದು ಸಾಯುವುದಿಲ್ಲ, ತನ್ನನ್ನು ತಾನೇ ಪದ್ಧತಿಯಂತೆ ಬಿಚ್ಚಿಡುತ್ತದೆ ಎಂದು ಹೇಳುತ್ತಿದ್ದೆ. ಕೋಶದೊಳಗೇ ಮಲಗಿದ್ದ ಕ್ಯಾಸ್ಪೇಸ್ ಎಂಬ ಪ್ರೋಟೀನು ಕತ್ತರಿಗಳು ಏಳುತ್ತವೆ. ಅವು ಬೇಗನೆ ಕತ್ತರಿಸುವವುಗಳಲ್ಲಿ ಡಿಎನ್‌ಎ ನಕಲು ಮಾಡುವ ಪ್ರೋಟೀನುಗಳೂ ಸೇರಿವೆ. ಸಾಯಲು ಹೊರಟ ಕೋಶ ಹೊಸ ನಕಲು ಶುರು ಮಾಡಬಾರದು.

ಮುಧೋಳದಿಂದ ಬಸ್ಸಿನಲ್ಲಿ ಬರುವ ಹುಡುಗಿ ಎದ್ದು ನಿಂತಳು. “ಮೇಡಮ್ಮರ, ಹಂಗಾರ ಕೋಶ ನಮ್ಮಜ್ಜಗಿಂತ ಶಾಣ್ಯಾ ಐತ್ರಿ.”

“ಯಾಕವಾ?”

“ಡಾಕ್ಟರು ಇನ್ನ ಎಂಟ ದಿನ ಅಂದಿದ್ರರಿ. ಅಂವಾ ಮರುದಿನಾನ ಹೊಸಾ ಮನಿಗೆ ಬುನಾದಿ ತಗಸಿದ. ಈಗ ಆ ತೆಗ್ಗಿನ್ಯಾಗ ನಮ್ಮ ಎಮ್ಮಿ ಮಲಗತೈತ್ರಿ.”

೨. ಪಗಾರದ ಮಾತು

ನಮ್ಮಪ್ಪ ಬನಹಟ್ಟಿಯಲ್ಲಿ ಪಂಚ್ ಎಂಬ ಉಳಿಯಿಂದ ಮಗ್ಗದ ರಟ್ಟಿಗೆ ತೂತು ಹೊಡೆಯುವವನು. ಸೀರೆಯಲ್ಲಿ ಯಾವ ಹೂವು, ಯಾವ ಹಕ್ಕಿ ಬರಬೇಕೆಂಬುದೆಲ್ಲ ಆ ತೂತುಗಳ ಲೆಕ್ಕ. ಅದೇ ನಕ್ಷೆ ಇನ್ನೊಂದು ಮಗ್ಗಕ್ಕೂ ಬೇಕೆಂದರೆ ಹಳೆಯ ರಟ್ಟು ನೋಡಿಕೊಂಡು ಹೊಸದು ಹೊಡೆಯಬೇಕು.

ಆಗ ಅವನು ನನಗಾಗಿ ಒಂದು ಸೆಟ್ಟು ರಟ್ಟು ಹೊಡೆಯುತ್ತಿದ್ದ. ತೀರಿಹೋದ ಅವ್ವನ ಸೀರೆಯ ಸೆರಗಿನಲ್ಲಿ ಗಿಳಿಗಳಿದ್ದವು. ಅಂಥದೇ ಸೀರೆ ನನಗೆ ಬೇಕಿತ್ತು. ಹಳೆಯ ರಟ್ಟು ಹರಿದು ತೂತಿಗೆ ತೂತು ಕೂಡಿಬಿಟ್ಟಿತ್ತು. ಯಾವುದು ಖರೆ ತೂತು ಎನ್ನುವುದು ಅಪ್ಪನ ತಲೆಯಲ್ಲಿ ಮಾತ್ರ ಉಳಿದಿತ್ತು.

ಎದುರು ಕೂತು ಕೋಶದ ಪಾಠ ಹೇಳಿದೆ. ಅವನು ತಲೆ ಎತ್ತದೆಯೇ ಅಂದ.

“ನಮ್ಮ ಗುರು ಇದನ್ನ ಮಾಡಿದ್ದ. ಕೈ ನಡಗಾಕ ಹತ್ತಿದಕೂಡ್ಲೆ ಪಂಚಿನ ಮೂತಿ ಕಲ್ಲಿಗೆ ತಿಕ್ಕಿ ಮೊಂಡ ಮಾಡಿದ. ನಡಗೋ ಕೈಲೆ ರಟ್ಟ ಹೊಡದ್ರ ಊರ ತುಂಬ ಕುಂಟ ನವಿಲ ಆಕ್ಕಾವು. ಇಷ್ಟ ಹೇಳಾಕ ನಿನಗ ಪಗಾರ ಕೊಡ್ತಾರೇನು?”

೩. ಗೈರುಹಾಜರಿ

ಆ ಮಳೆಗಾಲದಲ್ಲಿ ಅಪ್ಪನ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಡಾಕ್ಟರು ಮೆಲ್ಲಗೆ ಹೇಳಿದರು: “ಏನಿಲ್ಲ ಯಜಮಾನ್ರ, ಕೆಲವು ಕೋಶ ಸಾಯೋದನ್ನ ಮರತಾವ. ಬರೇ ನಕಲ ಮಾಡ್ಕೋತ ಕುಂತಾವ.”

ಹದಿನೈದು ವರ್ಷದಿಂದ ಇದೇ ವಾಕ್ಯವನ್ನು ಬೋರ್ಡಿನ ಮೇಲೆ ಬರೆದವಳು ನಾನು. ಅಪ್ಪ ನನ್ನ ಕಡೆ ತಿರುಗಿದ.

“ನೋಡಬೇ, ಊರ ಮಂದಿ ಮಕ್ಕಳಿಗೆಲ್ಲಾ ಕಲಸ್ತಿ. ನಿಮ್ಮಪ್ಪನ ಕೋಶ ಒಂದ ದಿನಾನೂ ಕ್ಲಾಸಿಗೆ ಬಂದಿಲ್ಲ.”

ಡಾಕ್ಟರು ನಕ್ಕರು, ನರ್ಸಮ್ಮ ನಕ್ಕಳು. ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

೪. ಗಿಳಿ

ನೇಯ್ಗೆಯಲ್ಲಿ ಗಿಳಿ ಕಾಲಿನಿಂದ ಮೇಲಕ್ಕೆ ಬರುತ್ತದೆ, ರಟ್ಟನ್ನೂ ಅದೇ ಕ್ರಮದಲ್ಲಿ ಹೊಡೆಯಬೇಕು. ಕಾಲು ಮುಗಿದು, ಹೊಟ್ಟೆ ಮುಗಿದು, ರೆಕ್ಕೆ ಮುಗಿಯುವ ಹೊತ್ತಿಗೆ ಅಪ್ಪನ ಕೈ ನಡುಗತೊಡಗಿತು. ನಾನು ಪಂಚನ್ನು ಕಾಲೇಜಿಗೆ ಒಯ್ದು ಲ್ಯಾಬಿನ ಕಪಾಟಿನಲ್ಲಿ ಬಚ್ಚಿಟ್ಟೆ. ಗುರುವಿನಂತೆ ಮೊಂಡು ಮಾಡದಿದ್ದರೆ, ಕೈ ಸರಿಹೋದಾಗ ಗಿಳಿಯ ತಲೆಯ ರಟ್ಟನ್ನೂ ಹೊಡೆದಾನು ಎಂಬ ಆಸೆ.

“ಪಂಚ್ ತಾ,” ಅಂದ.

“ಆರಾಮಾದಮ್ಯಾಗ ಕೊಡ್ತೇನಿ ಅಪ್ಪಾ.”

“ಪಾಠ ಹೇಳಾಕಿ ನೀನ, ಪಾಠ ತಪ್ಪಾಕೀನೂ ನೀನ. ತಾ.”

ತಂದುಕೊಟ್ಟೆ. ಹಿತ್ತಲ ಬಾಗಿಲಲ್ಲಿ ಕೂತು, ಒರಳಿನ ಅಂಚಿಗೆ ತಿಕ್ಕಿ ತಿಕ್ಕಿ ಮೊಂಡು ಮಾಡಿದ. ನಾನು ಕಲ್ಲಿಗೆ ನೀರು ಹಾಕುತ್ತ ನಿಂತೆ. ಅದಾದ ಹನ್ನೊಂದನೆಯ ದಿನ ಅಪ್ಪ ಹೋದ.

ದಿನಕರ್ಮ ಮುಗಿದ ಮೇಲೆ ಓಣಿಯ ನೇಕಾರನಿಗೆ ಆ ಅರ್ಧ ಸೆಟ್ಟು ಕೊಟ್ಟೆ. ಎರಡೇ ದಿನಕ್ಕೆ ಓಡಿ ಬಂದ. “ಅಕ್ಕಾರ, ಗಿಳಿಗೆ ತಲೀನ ಇಲ್ಲರಿ. ಬಿಚ್ಚಲೇನ್ರಿ?”

“ಬ್ಯಾಡ. ಹಂಗ ನೇಯರಿ.”

ಮುಂದಿನ ಸಲ ಸಾವಿನ ಪಾಠಕ್ಕೆ ಅದೇ ಸೀರೆ ಉಟ್ಟು ಹೋದೆ. ಮುಧೋಳದ ಹುಡುಗಿ ನಪಾಸಾಗಿ ಮತ್ತೆ ಅದೇ ಬೆಂಚಿನಲ್ಲಿದ್ದಳು. ಸೆರಗನ್ನೇ ದಿಟ್ಟಿಸಿ ನೋಡಿದಳು.

“ಮೇಡಮ್ಮರ, ಅಷ್ಟೂ ಗಿಳಿ ತಲಿ ಎಲ್ಲಿ ಹೋದುವ್ರಿ?”

“ಹೋದ ವರ್ಷ ಹೇಳಿದ್ನಲ್ಲ. ಸಾಯೂಮುಂದ ಕೋಶ ಮೊದಲ ನಕಲ ಮಾಡೋದನ್ನ ನಿಲ್ಲಸ್ತಾವು.”

ಹುಡುಗಿ ಸೆರಗಿನ ಕಡೆ ಬೆರಳು ತೋರಿಸಿದಳು. “ಹಂಗಾರ ಇವನ್ನ ಮಾಡಿದಾವ್ರು ನಿಮ್ಮ ಕ್ಲಾಸಿನ್ಯಾಗ ಫಸ್ಟ್ ಬರ್ತಿದ್ರ ನೋಡ್ರಿ.”

ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು. ನಾನೂ ನಕ್ಕು ಬೋರ್ಡಿನ ಕಡೆ ತಿರುಗಿದೆ. ಅವತ್ತು ಪಾಠದ ಹೆಸರು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು.